ಅಖ್ಲಾಖ್: ಪಾಠದಲ್ಲಿ ಮತ್ತು ಕಥೆಯಲ್ಲಿ

ನಮ್ಮ ಕಡೆ ಯಾವ ಜಲ್ಸಾಕ್ಕೆ ಹೋದರೂ, ಯಾವ ಮದರಸಾದ ವಾರ್ಷಿಕ ಸಭೆಯಲ್ಲಿ ಕೂತರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಮಕ್ಕಳಿಗೆ ದೀನೀ ತಾಲೀಮು ಕೊಡಿ, ಅವರ ಅಖ್ಲಾಖ್ ತಾನಾಗಿ ಸರಿಹೋಗುತ್ತದೆ ಎಂಬ ಮಾತು ಅದು. ವೇದಿಕೆಯ ಮೇಲಿದ್ದವರು ಹೇಳುತ್ತಾರೆ, ಕೆಳಗೆ ಕೂತವರು ತಲೆಯಾಡಿಸುತ್ತಾರೆ, ಸಭೆ ಮುಗಿಯುತ್ತದೆ. ಈ ಮಾತು ನಿಜವೇ, ನಿಜವಾದರೆ ಹೇಗೆ ನಿಜ, ಎಲ್ಲಿ ಅದು ಸುಳ್ಳಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ದೀನಿನ ಬಗ್ಗೆಯೇ ಸಂಶಯಪಟ್ಟಂತೆ ಆಗಿಬಿಡುತ್ತದೆ ಎಂಬ ಅಳುಕು ಎಲ್ಲರಿಗೂ ಇದೆ.

ಆದರೆ ಕಥೆಗಾರರು ಕೇಳಿದ್ದಾರೆ. ಉರ್ದುವಿನಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ, ಕನ್ನಡದಲ್ಲಿ ನಾಲ್ಕು ದಶಕಗಳಿಂದ ಈ ಪ್ರಶ್ನೆ ಕಥೆ ಕಾದಂಬರಿಗಳ ಒಳಗೆ ಓಡಾಡುತ್ತಲೇ ಇದೆ. ಮೊದಲು ಉರ್ದು, ಆಮೇಲೆ ಕನ್ನಡ ಎಂದು ಎರಡು ಭಾಷೆಗಳ ಶಾಲೆಯಲ್ಲಿ ಕೂತು ಎದ್ದ ನನ್ನಂಥವನಿಗೆ ಈ ಎರಡೂ ಸಾಹಿತ್ಯಗಳನ್ನು ಎದುರುಬದುರು ಇಟ್ಟು ನೋಡಬೇಕು ಅನಿಸಿತು. ಧಾರ್ಮಿಕ ಶಿಕ್ಷಣ ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿಲ್ಲ. ಬೇಕು ಎಂದು ಒಪ್ಪಿಕೊಂಡೇ ಈ ಬರಹ ಶುರುವಾಗುತ್ತದೆ. ಅದು ಮಗುವಿನ ಗುಣವಾಗಿ ಮಾರ್ಪಡುವುದು ಯಾವಾಗ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೂಡಲ ಬಾಗಿಲಿನ ಮಕ್ತಬ್

ಮುಳಬಾಗಿಲು ಮೂರು ಭಾಷೆಯ ಊರು. ಆಂಧ್ರದ ಗಡಿ ಕೈಗೆಟಕುವಷ್ಟು ಹತ್ತಿರ. ಹೈದರ್ ವಲಿ ದರ್ಗಾ, ಆಂಜನೇಯನ ಗುಡಿ, ಶ್ರೀಪಾದರಾಜರ ಮಠ ಎಲ್ಲವೂ ಇಲ್ಲಿವೆ. ನಮ್ಮ ಮಕ್ಕಳು ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಬೆಳಿಗ್ಗೆ ಫಜರ್ ಆದ ಮೇಲೋ ಸಂಜೆ ಶಾಲೆ ಬಿಟ್ಟ ಮೇಲೋ ಮಸೀದಿಯ ಪಕ್ಕದ ಮಕ್ತಬಿನಲ್ಲಿ ಒಂದು ಗಂಟೆ ಕೂರುತ್ತಾರೆ. ಖಾಯಿದಾ ಮುಗಿಸಿ ಅಮ್ಮಾ ಪಾರಾ, ಅದು ಮುಗಿದರೆ ಪೂರ್ತಿ ಕುರ್‌ಆನ್, ಜೊತೆಗೆ ಕಲಿಮಾಗಳು, ದುವಾಗಳು, ನಮಾಜಿನ ಕ್ರಮ. ಕೆಲವು ಕಡೆ ಮುಫ್ತಿ ಕಿಫಾಯತುಲ್ಲಾ ಅವರ ಪ್ರಶ್ನೋತ್ತರ ರೂಪದ ‘ತಾಲೀಮುಲ್ ಇಸ್ಲಾಮ್’.

ಹೊರಗಿನವರು ಮುಸ್ಲಿಮರ ಧಾರ್ಮಿಕ ಶಿಕ್ಷಣ ಎಂದರೆ ದೊಡ್ಡ ಮದರಸಾಗಳನ್ನು ಕಲ್ಪಿಸಿಕೊಳ್ಳುತ್ತಾರೆ. 2006ರ ಸಾಚಾರ್ ಸಮಿತಿ ವರದಿ ಈ ತಪ್ಪು ತಿಳಿವಳಿಕೆಯನ್ನು ತಿದ್ದಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಾವಧಿ ಮದರಸಾಗಳಿಗೆ ಹೋಗುವವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ. ಉಳಿದವರಿಗೆ ದೀನಿನ ಶಿಕ್ಷಣ ಎಂದರೆ ಈ ಒಂದು ಗಂಟೆಯ ಮಕ್ತಬೇ. ಹಾಗಾಗಿ ನಮ್ಮ ಸಮುದಾಯದ ನೈತಿಕ ಶಿಕ್ಷಣದ ಅಳತೆಯನ್ನು ವೇಲೂರಿನ ಬಾಖಿಯಾತ್‌ನಿಂದಲೋ 1924ರಲ್ಲಿ ಶುರುವಾದ ಉಮರಾಬಾದಿನ ಜಾಮಿಯಾ ದಾರುಸ್ಸಲಾಮಿನಿಂದಲೋ ತೆಗೆಯಲು ಆಗುವುದಿಲ್ಲ. ಅಲ್ಲಿ ಆಲಿಮರು ತಯಾರಾಗುತ್ತಾರೆ. ಟೊಮೆಟೊ ಮಂಡಿಯ ಹಮಾಲಿಯ ಮಗ, ಗ್ಯಾರೇಜಿನವನ ಮಗ, ಬೀಡಿ ಕಟ್ಟುವವಳ ಮಗಳು ತಯಾರಾಗುವುದು ಬೀದಿಯ ಮಕ್ತಬಿನಲ್ಲಿ.

ಅಲ್ಲಿ ಏನು ಆಗುತ್ತದೆ ಎಂದು ತಿಳಿಯಲು ಒಂದೇ ಉದಾಹರಣೆ ಸಾಕು. ಅಮ್ಮಾ ಪಾರಾದಲ್ಲಿ, ಅಂದರೆ ಕುರ್‌ಆನಿನ ಮೂವತ್ತನೆಯ ಭಾಗದಲ್ಲಿ, ‘ಮುತಫ್ಫಿಫೀನ್’ ಎಂಬ 83ನೆಯ ಅಧ್ಯಾಯ ಇದೆ. ತೂಕ ಅಳತೆಯಲ್ಲಿ ಮೋಸ ಮಾಡುವವರ ಮೇಲಿನ ಕಟುವಾದ ಎಚ್ಚರಿಕೆ ಅದು. ತಾನು ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವನ ಚಿತ್ರ ಅಲ್ಲಿದೆ. ನಮ್ಮ ತಾಲೂಕಿನ ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಯನ್ನು ನೋಡಿದವರಿಗೆ ಈ ಅಧ್ಯಾಯ ನಿನ್ನೆ ಬೆಳಿಗ್ಗೆ ನಮಗಾಗಿಯೇ ಇಳಿದು ಬಂದಂತೆ ಕಾಣುತ್ತದೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಇದನ್ನು ತಡವರಿಸದೆ ಒಪ್ಪಿಸುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮುಂದೆ ತಕ್ಕಡಿ ಹಿಡಿಯುವವರೇ. ಆದರೆ ತಾವು ಒಪ್ಪಿಸಿದ್ದು ತಕ್ಕಡಿಯ ವಿಷಯ ಎಂದು ಅವರಿಗೆ ಗೊತ್ತಿಲ್ಲ.

ಇನ್ನೊಂದು ‘ಮಾಊನ್’, 107ನೆಯ ಅಧ್ಯಾಯ. ಚಿಕ್ಕದು, ಹಾಗಾಗಿ ನಮಾಜಿನಲ್ಲಿ ಓದಲು ಎಲ್ಲ ಮಕ್ಕಳಿಗೂ ಮೊದಲೇ ಕಲಿಸುತ್ತಾರೆ. ಅನಾಥನನ್ನು ತಳ್ಳುವವನು, ಹಸಿದವನಿಗೆ ಊಟ ಹಾಕಲು ಹುರಿದುಂಬಿಸದವನು, ತೋರಿಕೆಗೆ ನಮಾಜು ಮಾಡುವವನು, ನೆರೆಮನೆಗೆ ಒಂದು ಚಿಕ್ಕ ಪಾತ್ರೆ ಕೊಡಲೂ ಹಿಂಜರಿಯುವವನು, ಇವರೆಲ್ಲರನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನಮಾಜು ಮಾಡುತ್ತಿರುವಾಗಲೇ ನಮಾಜು ಮಾಡುವವನನ್ನು ತರಾಟೆಗೆ ತೆಗೆದುಕೊಳ್ಳುವ ಈ ಅಧ್ಯಾಯವನ್ನು ನಮ್ಮ ಮಗು ದಿನಕ್ಕೆ ಹಲವು ಸಲ ಓದುತ್ತದೆ, ಏನೂ ತಾಗದೆ ಸಲಾಮು ತಿರುಗಿಸಿ ಏಳುತ್ತದೆ.

ಇದೇ ಹುಡುಗ ಹತ್ತು ಗಂಟೆಗೆ ಕನ್ನಡ ತರಗತಿಯಲ್ಲಿ ಕೂರುತ್ತಾನೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ. ಅವರ ಕಗ್ಗದ ಒಂದು ಪದ್ಯ ಬಾಯಿಪಾಠಕ್ಕೆ ಬಂದರೆ ಮೇಷ್ಟ್ರು ಪದಗಳ ಅರ್ಥ ಬರೆಸುತ್ತಾರೆ, ಭಾವಾರ್ಥ ಬರೆಸುತ್ತಾರೆ, ಪರೀಕ್ಷೆಯಲ್ಲಿ ಸ್ವಂತ ವಾಕ್ಯದಲ್ಲಿ ವಿವರಿಸು ಎನ್ನುತ್ತಾರೆ. ಒಬ್ಬ ಹುಡುಗನಿಗೆ ಡಿವಿಜಿಯವರ ಒಂದು ಪದ್ಯದ ಅರ್ಥ ಗೊತ್ತಿದ್ದು, ತಾನು ಅಲ್ಲಾಹನ ಮಾತೆಂದು ನಂಬಿ ದಿನವೂ ಓದುವ ನಾಲ್ಕು ಸಾಲಿನ ಅರ್ಥ ಗೊತ್ತಿಲ್ಲ ಎಂದರೆ ಕೊರತೆ ಹುಡುಗನದಲ್ಲ. ಕುರ್‌ಆನಿನ ಕನ್ನಡ ಅನುವಾದಗಳು ಮಂಗಳೂರಿನಿಂದ ಬಂದು ಎಷ್ಟೋ ಕಾಲವಾಯಿತು. ಅವು ಸಾಮಾನ್ಯವಾಗಿ ದೊಡ್ಡವರ ಕಪಾಟಿನಲ್ಲಿ ಇರುತ್ತವೆ, ಇಲ್ಲವೇ ಹಿಂದೂ ಗೆಳೆಯರಿಗೆ ಉಡುಗೊರೆಯಾಗಿ ಹೋಗುತ್ತವೆ. ಮಕ್ತಬಿನ ರೆಹಲ್ ತನಕ ಬರುವುದು ಅಪರೂಪ.

ಖುಲ್ಕ್ ಎಂದರೇನು?

ಅಖ್ಲಾಖ್ ಎಂಬುದು ಖುಲ್ಕ್ ಎಂಬುದರ ಬಹುವಚನ. ನಾವು ಅದನ್ನು ಒಳ್ಳೆಯ ನಡತೆಯ ಪಟ್ಟಿ ಎಂದು ತಿಳಿದಿದ್ದೇವೆ. ದೊಡ್ಡವರಿಗೆ ಸಲಾಮು ಹೇಳು, ಬಲಗೈಯಲ್ಲಿ ಉಣ್ಣು, ಸುಳ್ಳು ಹೇಳಬೇಡ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿಯವರು ಬೇರೆಯೇ ಅರ್ಥ ಹೇಳಿದರು. ಅವರ ಪ್ರಕಾರ ಖುಲ್ಕ್ ಎಂಬುದು ಒಂದು ಕ್ರಿಯೆಯೂ ಅಲ್ಲ, ಒಂದು ತಿಳಿವಳಿಕೆಯೂ ಅಲ್ಲ. ಮನಸ್ಸಿನಲ್ಲಿ ಬೇರೂರಿದ ಒಂದು ಸ್ಥಿತಿ. ಆ ಸ್ಥಿತಿ ಇದ್ದರೆ ಒಳ್ಳೆಯ ಕೆಲಸ ಲೆಕ್ಕಾಚಾರವಿಲ್ಲದೆ, ಪ್ರಯಾಸವಿಲ್ಲದೆ ಹೊರಗೆ ಬರುತ್ತದೆ. ಯಾವುದೋ ಒತ್ತಡಕ್ಕೆ ಒಂದು ಸಲ ದಾನ ಕೊಟ್ಟವನನ್ನು ಅವರು ಉದಾರಿ ಎಂದು ಕರೆಯಲು ಒಪ್ಪುವುದಿಲ್ಲ. ಈ ಮಾತನ್ನು ನಂಬಿದರೆ ನಮ್ಮ ವಾರ್ಷಿಕ ಸಭೆಯಲ್ಲಿ ಹದೀಸುಗಳನ್ನು ಚೆನ್ನಾಗಿ ಒಪ್ಪಿಸಿದ ಮಗುವಿಗೆ ಬಹುಮಾನ ಕೊಡುವಾಗ ನಾವು ಅಳೆದದ್ದು ನೆನಪಿನ ಶಕ್ತಿಯನ್ನು, ಅಖ್ಲಾಖನ್ನಲ್ಲ ಎಂಬುದು ತಿಳಿಯುತ್ತದೆ.

1377ರಲ್ಲಿ ‘ಮುಖದ್ದಿಮಾ’ ಬರೆದ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋದರು. ಮಕ್ಕಳ ಮೇಲೆ ಕಾಠಿಣ್ಯ ತೋರಿದರೆ ಆಗುವ ಹಾನಿಯ ಬಗ್ಗೆಯೇ ಒಂದು ಅಧ್ಯಾಯ ಮೀಸಲಿಟ್ಟರು. ಬೆದರಿಕೆಯಲ್ಲಿ ಬೆಳೆದ ಮಗು ಹುರುಪು ಕಳೆದುಕೊಂಡು ಸೋಮಾರಿಯಾಗುತ್ತದೆ, ಪೆಟ್ಟು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತದೆ, ಒಳಗೊಂದು ಹೊರಗೊಂದು ಮುಖ ಇಟ್ಟುಕೊಳ್ಳಲು ಕಲಿಯುತ್ತದೆ, ಕೊನೆಗೆ ಅದೇ ಅದರ ಸ್ವಭಾವವಾಗುತ್ತದೆ ಎಂದರು. ಅವರು ಹೊಡೆತವನ್ನು ಪೂರ್ತಿಯಾಗಿ ನಿಷೇಧಿಸಿದವರಲ್ಲ. ಆದರೆ ಅದರಿಂದ ಮಗುವಿನೊಳಗೆ ಏನು ಹುಟ್ಟುತ್ತದೆ ಎಂಬುದನ್ನು ಸ್ಪಷ್ಟವಾಗಿ ಕಂಡಿದ್ದರು. ಛಡಿಯ ಭಯದಿಂದ ಸಬಕ್ ಕಲಿತ ಮಗು ಸಬಕಿನ ಜೊತೆಗೆ ಕಪಟವನ್ನೂ ಕಲಿಯುತ್ತದೆ ಎಂಬ ಮಾತು ಆರು ಶತಮಾನಗಳ ಹಿಂದೆಯೇ ನಮ್ಮ ಪರಂಪರೆಯ ಒಳಗಿನಿಂದಲೇ ಬಂದದ್ದು. ಇದನ್ನು ಹೇಳಲು ನಮಗೆ ಯಾವ ಪಾಶ್ಚಾತ್ಯ ಮನಶ್ಶಾಸ್ತ್ರಜ್ಞನೂ ಬೇಕಿಲ್ಲ.

ಇಂದು ಕಾನೂನಿನ ಸ್ಥಿತಿಯೂ ಇಲ್ಲಿ ವಿಚಿತ್ರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆಗಳಂಥ ಧಾರ್ಮಿಕ ಶಿಕ್ಷಣದ ಸಂಸ್ಥೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಇದನ್ನು ನಾವು ನಮ್ಮ ಹಕ್ಕಿನ ರಕ್ಷಣೆ ಎಂದು ಸ್ವಾಗತಿಸಿದೆವು. ಸರಿಯೇ. ಆದರೆ ಬೆಳಿಗ್ಗೆ ಮಕ್ತಬಿನಲ್ಲಿ ಕೂತ ಮಗುವೇ ಹತ್ತು ಗಂಟೆಗೆ ಶಾಲೆಯಲ್ಲಿ ಕೂರುವುದು. ಕಾನೂನು ಬಾಗಿಲಲ್ಲೇ ನಿಂತ ಕಡೆ ಒಳಗಿನ ಜವಾಬ್ದಾರಿ ಪೂರ್ತಿಯಾಗಿ ಜಮಾತಿನದು, ಕಮಿಟಿಯದು. ಹತ್ತು ವರ್ಷ ಸೇವೆ ಮಾಡಿದ ಹುಡುಗನಿಗೆ ಒಂದು ಸಲವೂ ಗದರಿಸಿ ಮಾತಾಡದ ಪ್ರವಾದಿ(ಸ)ಯವರ ಬಗ್ಗೆ ಪಾಠ ಹೇಳುವ ಜಾಗದಲ್ಲಿ ಛಡಿ ಗೋಡೆಗೆ ಒರಗಿ ನಿಂತಿರುವುದನ್ನು ಮಗು ಗಮನಿಸುವುದಿಲ್ಲ ಎಂದುಕೊಳ್ಳಬಾರದು.

ನಸೂಹನ ಮನೆ

ಈಗ ಕಥೆಗೆ ಬರೋಣ. ಉರ್ದು ಕಾದಂಬರಿಯ ಚರಿತ್ರೆ ಶುರುವಾಗುವುದೇ ನೈತಿಕ ಶಿಕ್ಷಣದಿಂದ. ಡೆಪ್ಯುಟಿ ನಜೀರ್ ಅಹ್ಮದರು ತಮ್ಮ ಹೆಣ್ಣುಮಕ್ಕಳ ಓದಿಗೆಂದು 1869ರಲ್ಲಿ ‘ಮಿರಾತುಲ್ ಉರೂಸ್’ ಬರೆದರು. ಆಮೇಲೆ 1874ರಲ್ಲಿ ‘ತೌಬತುನ್ನಸೂಹ್’ ಬಂತು. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಇದರ ಒಂದು ಭಾಗ ಗೊತ್ತಿರುತ್ತದೆ. ಕಲೀಮ್ ಎಂಬ ಶೋಕಿಯ ಯುವಕ, ಅವನನ್ನು ರಾತ್ರಿ ಮಸೀದಿಯಲ್ಲಿ ಮಲಗಿಸಿ ಹುರಿಗಡಲೆ ತಿನ್ನಿಸುವ ಬಡಾಯಿಗಾರ ಗೆಳೆಯ ಮಿರ್ಜಾ ಜಾಹಿರ್‌ದಾರ್ ಬೇಗ್. ಆ ಪಾಠ ಓದಿ ನಕ್ಕವರು ಬಹಳ. ಪೂರ್ತಿ ಕಾದಂಬರಿ ಓದಿದವರು ಕಡಿಮೆ.

ಕಥೆ ಇಷ್ಟು. ದಿಲ್ಲಿಯಲ್ಲಿ ಕಾಲರಾ. ನಸೂಹ್ ಎಂಬ ಗೃಹಸ್ಥ ಕಾಯಿಲೆ ಬಿದ್ದು ಪರಲೋಕದ ವಿಚಾರಣೆಯ ಕನಸು ಕಾಣುತ್ತಾನೆ. ಬದುಕಿ ಎದ್ದವನೇ ತೌಬಾ ಮಾಡಿ, ತನ್ನ ಮನೆಯವರನ್ನೆಲ್ಲ ದೀನಿನ ದಾರಿಗೆ ತರಲು ಹೊರಡುತ್ತಾನೆ. ಹೆಂಡತಿ ಫಹ್ಮೀದಾ ಜೊತೆ ನಿಲ್ಲುತ್ತಾಳೆ. ಮೂರು ಗಂಡು, ಎರಡು ಹೆಣ್ಣು ಮಕ್ಕಳು. ಕಿರಿಯರು ಸುಲಭವಾಗಿ ಒಪ್ಪುತ್ತಾರೆ. ಹಿರಿಯ ಮಗ ಕಲೀಮ್ ಕವಿ. ಅವನು ಅಪ್ಪ ಕರೆದರೂ ಎದುರಿಗೆ ಬರುವುದಿಲ್ಲ, ಮನೆ ಬಿಟ್ಟು ಹೋಗುತ್ತಾನೆ. ನಸೂಹ್ ಅವನ ಕೋಣೆಗೆ ಹೋಗಿ ಅವನ ಪುಸ್ತಕಗಳನ್ನು ಸುಟ್ಟುಹಾಕುತ್ತಾನೆ. ಕಲೀಮ್ ಊರೂರು ಅಲೆದು, ಸಾಲ ಮಾಡಿ, ಜೈಲು ಕಂಡು, ಕೊನೆಗೆ ಸೈನಿಕನಾಗಿ ಗಾಯಗೊಂಡು, ಪಶ್ಚಾತ್ತಾಪಪಟ್ಟು ಸಾಯುತ್ತಾನೆ.

ಬ್ರಿಟಿಷ್ ಸರಕಾರ ಬಹುಮಾನ ಕೊಟ್ಟ ಪುಸ್ತಕ ಇದು. 1884ರಲ್ಲಿ ಇಂಗ್ಲಿಷಿಗೂ ಹೋಯಿತು. ನಮ್ಮ ಹಿರಿಯರು ಇದನ್ನು ಓದಿಕೊಂಡು ಬಂದ ರೀತಿಯೂ ಬಹುಮಾನ ಕೊಟ್ಟವರದೇ: ತಂದೆಯ ಮಾತು ಮೀರಿದ ಮಗ ಹಾಳಾದ, ಕೇಳಿದವರು ಉದ್ಧಾರವಾದರು. ಲೇಖಕರ ಉದ್ದೇಶವೂ ಅದೇ ಇದ್ದಿರಬೇಕು. ಆದರೆ ನಜೀರ್ ಅಹ್ಮದರು ಒಳ್ಳೆಯ ಕಥೆಗಾರರು, ಮನುಷ್ಯರನ್ನು ಹತ್ತಿರದಿಂದ ನೋಡಿದವರು. ಹಾಗಾಗಿ ಅವರ ಕಥೆ ಅವರ ಉಪದೇಶಕ್ಕೆ ವಿರುದ್ಧವಾದ ಸಾಕ್ಷಿ ಹೇಳುತ್ತದೆ ಎಂಬುದು ನನ್ನ ಓದು.

ಸರಿಯಾದ ದಾರಿಗೆ ಬಂದ ಮಕ್ಕಳು ಹೇಗೆ ಬಂದರು ನೋಡಿ. ಕಿರಿಯ ಮಗ ಸಲೀಮ್ ಬದಲಾದದ್ದು ನಾಲ್ವರು ನೆರೆಹೊರೆಯ ಹುಡುಗರ ಸಹವಾಸದಿಂದ, ಅವರ ಅಜ್ಜಿ ಹಜ್ರತ್ ಬೀ ತೋರಿಸಿದ ಪ್ರೀತಿಯಿಂದ. ನಡುವಿನ ಮಗ ಅಲೀಮನ ಮನಸ್ಸನ್ನು ತಟ್ಟಿದ್ದು ಒಬ್ಬ ಪಾದ್ರಿ ಕೊಟ್ಟ ಪುಸ್ತಕ. ಇವರಿಬ್ಬರೂ ನಸೂಹ್ ಮಾತು ತೆಗೆಯುವ ಮುಂಚೆಯೇ ಒಳಗೆ ಬದಲಾಗಿದ್ದರು. ಹಿರಿಯ ಮಗಳು ನಯೀಮಾಳದು ಇನ್ನೂ ಸ್ಪಷ್ಟವಾದ ಉದಾಹರಣೆ. ನಮಾಜಿಗೆ ನಿಂತ ಪುಟ್ಟ ತಂಗಿ ಹಮೀದಾಳ ಮೇಲೆ ಅವಳು ಕೈಮಾಡುತ್ತಾಳೆ. ತಾಯಿ ಸಿಟ್ಟಿನಿಂದ ಅವಳ ಕೆನ್ನೆಗೆ ಬಾರಿಸುತ್ತಾಳೆ. ಆ ಏಟಿನಿಂದ ನಯೀಮಾ ಬದಲಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತಾಳೆ. ಆಮೇಲೆ ಖಾಲಾನ ಮಗಳು ಸಾಲಿಹಾ ಬಂದು ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವಳನ್ನು ಬಲವಂತ ಮಾಡುವವರಿಲ್ಲ. ಎಲ್ಲರೂ ನಮಾಜು ಮಾಡುತ್ತಾರೆ, ಒಬ್ಬರನ್ನೊಬ್ಬರು ಗೌರವದಿಂದ ಕಾಣುತ್ತಾರೆ. ಆ ಮನೆಯ ಗಾಳಿಯಲ್ಲೇ ಅವಳು ತಾನಾಗಿ ಬದಲಾಗುತ್ತಾಳೆ.

ಉಳಿದವನು ಕಲೀಮ್. ಅಪ್ಪ ತನ್ನ ಅಧಿಕಾರವನ್ನು ಪೂರ್ತಿಯಾಗಿ ಬಳಸಿದ್ದು, ಕರೆ ಕಳಿಸಿದ್ದು, ಬೆಂಕಿ ಹಚ್ಚಿದ್ದು ಅವನೊಬ್ಬನ ಮೇಲೆ. ಕಳೆದುಹೋದದ್ದೂ ಅವನೊಬ್ಬನೇ. ಹಠಮಾರಿ ಎಂದು ನಾವು ಅವನ ಮೇಲೆ ತಪ್ಪು ಹೊರಿಸುತ್ತೇವೆ. ಆದರೆ ಇಷ್ಟು ವರ್ಷ ಅವನನ್ನು ಬೆಳೆಸಿದ ನಸೂಹ್, ತಾನು ಬದಲಾದ ವಾರದೊಳಗೆ ಮಗನೂ ಬದಲಾಗಬೇಕೆಂದು ಬಯಸಿದ ಎಂಬುದನ್ನು ಮರೆಯುತ್ತೇವೆ. ಸುಡಲಾದ ಪುಸ್ತಕಗಳ ಬಗ್ಗೆಯೂ ಯೋಚಿಸಬೇಕು. ಉರ್ದು ಫಾರ್ಸಿ ಕಾವ್ಯವೇ ಚಾರಿತ್ರ್ಯಕ್ಕೆ ವಿಷ ಎಂಬ ಭಯ ಆ ಕಾಲದ ಸುಧಾರಕರಲ್ಲಿತ್ತು. ಶೇಖ್ ಸಾದಿಯ ‘ಗುಲಿಸ್ತಾನ್’ ಶತಮಾನಗಳ ಕಾಲ ಮಕ್ತಬುಗಳಲ್ಲಿ ಅಖ್ಲಾಖಿನ ಪಠ್ಯವೇ ಆಗಿತ್ತು. ರಾಜ, ಫಕೀರ, ವ್ಯಾಪಾರಿ, ಕಳ್ಳ ಎಲ್ಲರ ಸಣ್ಣ ಸಣ್ಣ ಕಥೆಗಳ ಮೂಲಕ ಬದುಕು ಕಲಿಸಿದ ಪುಸ್ತಕ ಅದು. ಸುಧಾರಣೆಯ ಹೆಸರಲ್ಲಿ ನಾವು ಮಕ್ತಬಿನಿಂದ ಕಥೆಯನ್ನು ಹೊರಗೆ ಹಾಕಿದೆವು, ನಿಯಮವನ್ನು ಮಾತ್ರ ಉಳಿಸಿಕೊಂಡೆವು. ಇಂದಿನ ಮಕ್ತಬಿನ ಬಡತನ ಒಂದು ಮಟ್ಟಿಗೆ ಅಲ್ಲಿಂದಲೇ ಬಂತು.

ಶಾಲೆಯ ಪ್ರಾರ್ಥನೆ

ಕಥೆ ಹೊರಗೆ ಹೋದ ಮೇಲೂ ಉರ್ದು ಶಾಲೆಯಲ್ಲಿ ಕವಿತೆ ಉಳಿಯಿತು. ಇಸ್ಮಾಯೀಲ್ ಮೇರಠಿ ಅವರ ಹಸುವಿನ ಪದ್ಯ, ಇಖ್ಬಾಲರು 1902ರಲ್ಲಿ ಬರೆದ ‘ಬಚ್ಚೇ ಕೀ ದುವಾ’. ಎರಡನೆಯದರ ಮೂಲ ಒಂದು ಇಂಗ್ಲಿಷ್ ಮಕ್ಕಳ ಪ್ರಾರ್ಥನೆ, ಬರೆದವರು ಮಟಿಲ್ಡಾ ಬೆಥಮ್ ಎಡ್ವರ್ಡ್ಸ್. ಒಬ್ಬ ಕ್ರೈಸ್ತ ಕವಯಿತ್ರಿಯ ಮಾತು ಇಖ್ಬಾಲರ ಕೈಯಲ್ಲಿ ಉರ್ದುವಾಗಿ, ಲಕ್ಷಾಂತರ ಮಕ್ಕಳ ಬೆಳಗಿನ ಪ್ರಾರ್ಥನೆಯಾಯಿತು. ಬಡವರ, ನೊಂದವರ ಪರವಾಗಿ ನಿಲ್ಲುವ ಬದುಕನ್ನು ಅದರಲ್ಲಿ ಮಗು ಕೇಳಿಕೊಳ್ಳುತ್ತದೆ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇದ್ದುದರಿಂದಲೇ ಅದು ಉಳಿದುಕೊಂಡಿತು. ಇದನ್ನು ಹಾಡಿಸಿದ್ದಕ್ಕೆ 2019ರಲ್ಲಿ ಉತ್ತರ ಪ್ರದೇಶದ ಪಿಲಿಭಿತ್ ಜಿಲ್ಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಅಮಾನತಾದರು.

ನಮ್ಮ ಮುಳಬಾಗಿಲಿನ ಹೆಸರೂ 2022ರ ಜನವರಿಯಲ್ಲಿ ಇಂಥದೇ ಕಾರಣಕ್ಕೆ ಸುದ್ದಿಯಾಯಿತು. ಸರಕಾರಿ ಶಾಲೆಯೊಂದರ ಕೊಠಡಿಯಲ್ಲಿ ಮಕ್ಕಳು ಶುಕ್ರವಾರದ ನಮಾಜು ಮಾಡಿದ್ದು ವಿವಾದವಾಗಿ, ಇಲಾಖೆಯ ವಿಚಾರಣೆ ನಡೆಯಿತು. ಮರು ತಿಂಗಳೇ ರಾಜ್ಯದಲ್ಲಿ ಹಿಜಾಬಿನ ಗಲಾಟೆ ಹಬ್ಬಿತು. ಮಾರ್ಚ್ ಹೊತ್ತಿಗೆ ಶಾಲೆಗಳಲ್ಲಿ ನೈತಿಕ ಶಿಕ್ಷಣವಾಗಿ ಭಗವದ್ಗೀತೆ ಬರಬೇಕೆಂಬ ಚರ್ಚೆಯೂ ಎದ್ದಿತು. ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆ ವಿಧಿ ನಮ್ಮ ರಕ್ಷಣೆಗೂ ಇರುವಂಥದು, ಅದನ್ನು ನಾವು ಗೌರವಿಸಬೇಕು. ಆದರೆ ಈ ಎಲ್ಲ ಗದ್ದಲದಲ್ಲಿ ಎರಡೂ ಕಡೆಯವರು ಮಗುವಿನ ಧರ್ಮವನ್ನು ಮಗುವಿನ ಗುರುತು ಎಂದಷ್ಟೇ ನೋಡಿದರು. ಆ ಧರ್ಮ ಮಗುವಿಗೆ ಏನು ಕಲಿಸುತ್ತಿದೆ ಎಂದು ಯಾರೂ ಕೇಳಲಿಲ್ಲ. ಹೊರಗಿನ ಒತ್ತಡ ಹೆಚ್ಚಾದಾಗ ನಾವೂ ಒಳಗಿನ ಪ್ರಶ್ನೆಗಳನ್ನು ಮುಂದೂಡುತ್ತೇವೆ. ಇದು ಸಮಯವಲ್ಲ ಎನ್ನುತ್ತೇವೆ. ಮಕ್ಕಳು ಮಾತ್ರ ನಮ್ಮ ಸಮಯಕ್ಕೆ ಕಾಯದೆ ಬೆಳೆದುಬಿಡುತ್ತಾರೆ.

ಕನ್ನಡ ಕಥೆಯ ಮೌಲ್ವಿ

ಕನ್ನಡಕ್ಕೆ ಬಂದರೆ ನೋಟವೇ ಬೇರೆ. 1984ರಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಕನ್ನಡದ ಮುಸ್ಲಿಮ್ ಓದುಗರು ಬೆಚ್ಚಿಬಿದ್ದರು. ನಾದಿರಾ ಎಂಬ ಹುಡುಗಿಯನ್ನು ಅಪ್ಪನ ಹಠ, ತಲಾಖಿನ ದುರ್ಬಳಕೆ, ಒಂದು ರಾತ್ರಿಯ ಮದುವೆಯ ಷರತ್ತು ಎಲ್ಲ ಸೇರಿ ಮಸೀದಿಯ ಕೊಳಕ್ಕೆ ತಳ್ಳುತ್ತವೆ. ಇಲ್ಲಿ ಧರ್ಮದ ಜ್ಞಾನ ಇರುವುದು ಗಂಡಸರ ಬಳಿ, ಅದರ ಶಿಕ್ಷೆ ಬೀಳುವುದು ಹೆಂಗಸಿನ ಮೇಲೆ. ನಜೀರ್ ಅಹ್ಮದರು ಮನೆಯ ಯಜಮಾನನ ಕಣ್ಣಿನಿಂದ ನೋಡಿದರೆ, ಸಾರಾ ಅವರು ಮನೆಯ ಮಗಳ ಕಣ್ಣಿನಿಂದ ನೋಡಿದರು. ಅಖ್ಲಾಖ್ ಕಲಿಯಬೇಕಾದವರು ಮಕ್ಕಳು ಮಾತ್ರವೇ ಎಂಬ ಪ್ರಶ್ನೆ ಕನ್ನಡದಲ್ಲಿ ಹುಟ್ಟಿದ್ದು ಹೀಗೆ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಈ ಪ್ರಶ್ನೆಯನ್ನು ಮಸೀದಿಯ ಅಂಗಳಕ್ಕೇ ತಂದು ನಿಲ್ಲಿಸಿತು. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಚಲನಚಿತ್ರವಾಗಿ ಮಾಡಿದ್ದು ಇದೇ ಕಥೆಯನ್ನು. ಗಂಡ ಬಿಟ್ಟ ಹೆಂಗಸು ಮುತವಲ್ಲಿಯ ಎದುರು ನ್ಯಾಯ ಕೇಳುತ್ತಾಳೆ, ಸಿಗುವುದಿಲ್ಲ. ಈ ಕಥೆಯನ್ನು ಧರ್ಮವಿರೋಧಿ ಎಂದು ಬೈದವರು ಅದರಲ್ಲಿನ ಜುಲೇಖಾ ಬೇಗಂ ಎಂಬ ಪಾತ್ರವನ್ನು ಗಮನಿಸಿದಂತಿಲ್ಲ. ಆಕೆ ಓದಿಕೊಂಡವಳು. ಶರೀಅತ್ತು ಹೆಣ್ಣಿಗೆ ಏನು ಕೊಟ್ಟಿದೆ ಎಂದು ಆ ಬಡ ಹೆಂಗಸಿಗೆ ಅವಳ ಮಾತಿನಲ್ಲೇ ತಿಳಿಸುವವಳು. ಮಸೀದಿಯ ಎದುರು ಮಗುವನ್ನು ಎತ್ತಿಕೊಂಡು ನಿಲ್ಲುವ ಧೈರ್ಯ ಬರುವುದು ಆ ತಿಳಿವಳಿಕೆಯಿಂದ. ಧಾರ್ಮಿಕ ಶಿಕ್ಷಣ ಎಂದರೆ ಏನಾಗಬಲ್ಲದು ಎಂಬುದಕ್ಕೆ ನನಗೆ ಕನ್ನಡದಲ್ಲಿ ಸಿಕ್ಕ ಅತ್ಯುತ್ತಮ ಚಿತ್ರ ಇದು. ಮುತವಲ್ಲಿಯ ಬಳಿಯೂ ಅದೇ ಕಿತಾಬು ಇದೆ. ಅವನಿಗೆ ಅದು ಹುದ್ದೆಯಾಗಿದೆ, ಅವಳಿಗೆ ಬೆನ್ನೆಲುಬಾಗಿದೆ.

2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ, ದೀಪಾ ಭಾಸ್ತಿ ಅವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಇನ್ನೊಂದು ಕಥೆ ಇದೆ. ಅರೇಬಿಕ್ ಮೇಷ್ಟ್ರು ಮತ್ತು ಗೋ‌ಬಿ ಮಂಚೂರಿಯ ಕಥೆ. ವಕೀಲೆಯಾದ ತಾಯಿ ತನ್ನ ಹೆಣ್ಣುಮಕ್ಕಳಿಗೆ ಅರೇಬಿಕ್ ಕಲಿಸಲು ಒಬ್ಬ ಯುವಕನನ್ನು ಮನೆಗೆ ಗೊತ್ತುಮಾಡುತ್ತಾಳೆ. ಅವನಿಗೆ ಗೋಬಿ ಮಂಚೂರಿಯ ಹುಚ್ಚು. ಮೊದಲು ಅದು ತಮಾಷೆ, ನಾವು ನಗುತ್ತೇವೆ. ಆದರೆ ಮದುವೆಯಾದ ಮೇಲೆ ಆ ತಿಂಡಿಗಾಗಿಯೇ ಅವನು ಹೆಂಡತಿಯ ಮೇಲೆ ಕೈಮಾಡುತ್ತಾನೆ ಎಂದು ತಿಳಿದಾಗ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಇದನ್ನು ಮೌಲ್ವಿಗಳ ಲೇವಡಿ ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನು ಕೆಟ್ಟ ಖಳನಾಯಕನಲ್ಲ, ತೀರಾ ಸಾಮಾನ್ಯ ಹುಡುಗ. ಅಕ್ಷರದ ಉಚ್ಚಾರ ಅವನಿಗೆ ಬರುತ್ತದೆ, ಕಲಿಸಲೂ ಬರುತ್ತದೆ. ತನ್ನ ಆಸೆಯನ್ನು ಹೇಗೆ ಹಿಡಿತದಲ್ಲಿಡಬೇಕು, ಮನೆಗೆ ಬಂದ ಹುಡುಗಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅವನಿಗೆ ಯಾರೂ ಕಲಿಸಿಲ್ಲ. ಚಿಕ್ಕಂದಿನಲ್ಲೇ ಮನೆ ಬಿಟ್ಟು, ಮದರಸಾದ ಹಾಸ್ಟೆಲಿನ ತೆಳು ಸಾರು ಉಂಡು ಬೆಳೆದ ಎಷ್ಟೋ ಹುಡುಗರನ್ನು ನಾನು ಕಂಡಿದ್ದೇನೆ. ಅವರ ಬಾಲ್ಯವನ್ನು ಯಾರೂ ವಿಚಾರಿಸಲಿಲ್ಲ. ಗಝಾಲಿಯವರು ಹೇಳಿದ ಖುಲ್ಕಿಗೂ ಒಪ್ಪಿಸಿದ ಪಾಠಕ್ಕೂ ಇರುವ ಅಂತರವನ್ನು ಬಾನು ಅವರು ಒಂದು ಪ್ಲೇಟು ತಿಂಡಿಯಲ್ಲಿ ತೋರಿಸಿದ್ದಾರೆ.

ಆದರೂ ಕನ್ನಡದ ನಮ್ಮ ಕಥೆಗಳ ಬಗ್ಗೆ ಒಂದು ದೂರು ಹೇಳಲೇಬೇಕು. ನಮ್ಮ ಕಥೆಗಳಲ್ಲಿ ಮೌಲ್ವಿ ಬಂದರೆ ಹೆಚ್ಚಾಗಿ ಅಧಿಕಾರದ ಪ್ರತಿನಿಧಿಯಾಗಿ ಬರುತ್ತಾರೆ, ಫತ್ವಾ ಕೊಡಲು, ಮದುವೆ ಮುರಿಯಲು, ಬಾಯಿ ಮುಚ್ಚಿಸಲು. ಮಕ್ತಬಿನ ಚಾಪೆ, ಅದರ ಮೇಲೆ ಕೂತ ಹತ್ತು ವರ್ಷದ ಹುಡುಗ, ಅವನ ತಲೆಯಲ್ಲಿ ಓಡುವ ಪ್ರಶ್ನೆಗಳು, ತಿಂಗಳ ಸಂಬಳಕ್ಕೆ ಕಮಿಟಿಯವರ ಮುಖ ನೋಡುವ ಹಜ್ರತ್ತರ ಅವಮಾನ, ಅಷ್ಟರ ನಡುವೆಯೂ ಹಸಿದು ಬಂದ ಮಗುವಿಗೆ ತನ್ನ ಚಹಾ ಬನ್ನು ಕೊಡುವ ಉಸ್ತಾದ್, ಇವೆಲ್ಲ ನಮ್ಮ ಕಥೆಗಳಲ್ಲಿ ಅಪರೂಪ. ಬೊಳುವಾರು ಮಹಮದ್ ಕುಂಞಿ ಅವರ ಮುತ್ತುಪ್ಪಾಡಿಯ ಲೋಕದಲ್ಲಿ ಧರ್ಮದೊಂದಿಗೆ ಬಾಳುವ ಮನುಷ್ಯರು ಎಲ್ಲ ಬಣ್ಣಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಪ್ರವಾದಿಯವರ ಬದುಕನ್ನು ‘ಓದಿರಿ’ ಎಂಬ ಕಾದಂಬರಿಯಾಗಿಸಿ ಕನ್ನಡ ಓದುಗರ ಮುಂದಿಟ್ಟವರೂ ಅವರೇ. ಆದರೆ ಇದು ಕರಾವಳಿಯ ಲೋಕ. ಅಲ್ಲಿ ಸಮಸ್ತದ ಶಿಕ್ಷಣ ಮಂಡಳಿಯಿದೆ, ತರಗತಿಗಳಿವೆ, ಪಬ್ಲಿಕ್ ಪರೀಕ್ಷೆಯಿದೆ, ಅಖ್ಲಾಖ್ ಎಂಬುದೇ ಪ್ರತ್ಯೇಕ ಪಠ್ಯವಾಗಿದೆ. ದಖನಿ ಮಾತಾಡುವ ಕೋಲಾರ, ತುಮಕೂರು, ಚಿತ್ರದುರ್ಗದ ಬಯಲು ಸೀಮೆಯಲ್ಲಿ ಪ್ರತಿ ಮಸೀದಿಯೂ ತನ್ನ ಪಾಡಿಗೆ ತಾನಿದೆ. ಇಲ್ಲಿಯ ಮಗುವಿನ ಕಥೆ ಕನ್ನಡದಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ಉರ್ದುವಿನ ಸುಧಾರಕರು ಮಗುವನ್ನು ಹಸಿ ಮಣ್ಣು ಎಂದು ನೋಡಿದರು. ಕನ್ನಡದ ಬಂಡಾಯದವರು ದೊಡ್ಡವರ ಅನ್ಯಾಯವನ್ನು ನೋಡಿದರು. ಇಬ್ಬರ ನಡುವೆ ಮಗು ತಾನೇ ಏನು ಯೋಚಿಸುತ್ತಿದೆ ಎಂಬುದು ಬಿಟ್ಟುಹೋಯಿತು.

ಹಾಗಾದರೆ ಏನು ಮಾಡಬೇಕು?

ಕಥೆಗಳಿಂದ ಪಾಠ ತೆಗೆಯುವುದು ವಿಮರ್ಶಕನ ಕೆಲಸವಲ್ಲ ಎನ್ನುತ್ತಾರೆ. ಆದರೆ ನಾವು ಓದುವುದು ಊರಿನಲ್ಲಿ ಕೂತುಕೊಂಡು. ಹಾಗಾಗಿ ಕೆಲವು ಮಾತು.

ಮೊದಲನೆಯದು ಅರ್ಥ. ಅಮ್ಮಾ ಪಾರಾದ ಸಣ್ಣ ಅಧ್ಯಾಯಗಳನ್ನು ಕಲಿಸುವಾಗಲೇ ದಖನಿಯಲ್ಲೋ ಕನ್ನಡದಲ್ಲೋ ಅದರ ಅರ್ಥವನ್ನು ಐದು ನಿಮಿಷ ಹೇಳಬೇಕು. ಅರಬಿ ಓದಿನ ಪುಣ್ಯಕ್ಕೆ ಇದರಿಂದ ಯಾವ ಕೊರತೆಯೂ ಬರುವುದಿಲ್ಲ. ಇಬ್ನ್ ಖಲ್ದೂನರ ಗ್ರಂಥದಲ್ಲೇ ಖಾಜಿ ಅಬೂಬಕರ್ ಇಬ್ನುಲ್ ಅರಬಿ ಅವರ ಒಂದು ಸಲಹೆಯ ಪ್ರಸ್ತಾಪ ಇದೆ. ಮಗುವಿಗೆ ಮೊದಲು ಭಾಷೆ ಮತ್ತು ಕಾವ್ಯ, ಆಮೇಲೆ ಲೆಕ್ಕ, ಆಮೇಲೆ ಕುರ್‌ಆನ್ ಕಲಿಸಬೇಕು, ಅರ್ಥವಾಗದ್ದನ್ನು ಮೊದಲು ಓದಿಸಬಾರದು ಎಂಬುದು ಆ ಸಲಹೆ. ಇದು ಒಳ್ಳೆಯ ವಿಧಾನ, ಆದರೆ ಜನರ ರೂಢಿ ಬಿಡುವುದಿಲ್ಲ ಎಂದು ಇಬ್ನ್ ಖಲ್ದೂನ್ ನಿಟ್ಟುಸಿರಿಟ್ಟರು. ರೂಢಿಯನ್ನು ಪೂರ್ತಿ ಬದಲಿಸುವುದು ಬೇಡ, ಐದು ನಿಮಿಷ ಸೇರಿಸಲು ಏನು ಅಡ್ಡಿ?

ಎರಡನೆಯದು ಛಡಿ. ಅದು ಮಕ್ತಬಿನಿಂದ ಹೊರಗೆ ಹೋಗಬೇಕು. ಸರಕಾರ ಹೇಳುವ ತನಕ ಕಾಯುವುದು ನಮಗೆ ಗೌರವವಲ್ಲ. ಮೂರನೆಯದು ಹಜ್ರತ್ತರ ಸಂಬಳ. ಕಮಿಟಿಯ ಎದುರು ದಿನವೂ ತಲೆ ತಗ್ಗಿಸುವ ಮನುಷ್ಯ ಮಕ್ಕಳಿಗೆ ಸ್ವಾಭಿಮಾನ ಕಲಿಸಲಾರ. ಮಸೀದಿಯ ಮಿನಾರಿಗೆ ಕೂಡಿಸುವ ಹಣದಲ್ಲಿ ಒಂದು ಪಾಲು ಕಲಿಸುವವರ ಕೈಗೆ ಹೋಗಲಿ. ಮಕ್ಕಳ ಜೊತೆ ಹೇಗೆ ಇರಬೇಕೆಂದು ಅವರಿಗೂ ಒಂದು ತರಬೇತಿ ಸಿಗಲಿ.

ನಾಲ್ಕನೆಯದು ಕಥೆ. ವಾರಕ್ಕೆ ಒಂದು ದಿನ ಸಬಕ್ ಬದಿಗಿಟ್ಟು ಮಕ್ಕಳಿಗೆ ಕಥೆ ಹೇಳಿ. ಸಾದಿಯ ಕಥೆ, ಸಹಾಬಿಗಳ ಕಥೆ, ಹೈದರ್ ವಲಿಯವರ ಬಗ್ಗೆ ಅಜ್ಜಿಯರು ಹೇಳುವ ಕಥೆ, ಪಂಜೆಯವರ ಮಕ್ಕಳ ಕಥೆಯಾದರೂ ಆಗಲಿ. ಕಥೆಯ ಕೊನೆಗೆ ಇದರಿಂದ ತಿಳಿಯುವ ನೀತಿ ಏನು ಎಂದು ಕೇಳಬೇಡಿ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ, ಮಗು ಏನು ಹೇಳುತ್ತದೋ ಅದನ್ನು ಪೂರ್ತಿ ಕೇಳಿಸಿಕೊಳ್ಳಿ. ಹುಡುಗಿಯರನ್ನು ಹತ್ತು ಹನ್ನೆರಡು ವರ್ಷಕ್ಕೇ ಮಕ್ತಬಿನಿಂದ ಬಿಡಿಸುವ ಪದ್ಧತಿ ನಿಲ್ಲಲಿ. ಜುಲೇಖಾ ಬೇಗಂನಂಥವರು ಬೇಕಾದರೆ ಅವರು ತಯಾರಾಗುವ ಜಾಗವೂ ಇರಬೇಕು.

ಬರೆಯುವವರಿಗೂ ಒಂದು ಕೆಲಸ ಇದೆ. ಉಪದೇಶದ ಕಥೆಗಳು ನಮಗೆ ಸಾಕಷ್ಟಿವೆ, ಪ್ರತಿಭಟನೆಯ ಕಥೆಗಳೂ ಬಂದಿವೆ. ವಡ್ಡಹಳ್ಳಿ ಮಂಡಿಯಲ್ಲಿ ಅಪ್ಪನ ಪಕ್ಕ ನಿಂತ ಹುಡುಗ, ಬೆಳಿಗ್ಗೆ ತಾನು ಒಪ್ಪಿಸಿದ ಸೂರಾದ ಅರ್ಥ ಗೊತ್ತಾಗಿ, ತಕ್ಕಡಿಯ ಮುಳ್ಳನ್ನು ನೋಡುತ್ತಾನೆ. ಅಪ್ಪನ ಮುಖವನ್ನೂ ನೋಡುತ್ತಾನೆ. ಆಗ ಅವನು ಏನು ಮಾಡುತ್ತಾನೆ? ಈ ಕಥೆಯನ್ನು ನಮ್ಮಲ್ಲಿ ಯಾರಾದರೂ ಕನ್ನಡದಲ್ಲಿ ಬರೆಯಬೇಕು. ಅದಕ್ಕೆ ಮುಂಚೆ ಆ ಹುಡುಗನಿಗೆ ಆ ಸೂರಾದ ಅರ್ಥವನ್ನು ಯಾರಾದರೂ ಹೇಳಿರಬೇಕು.